ರಾಕ್ಷಸರ ಜೇಬು ತುಂಬುವ ಕೆಲಸ

ಈ ಉದ್ಯೋಗಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಆಗಾಗ ಮನೆಗೆ ಬರುತ್ತಾರೆ. ಬಂದವರೆಲ್ಲ ಕೇಳುವುದು ಒಂದೇ: "ಸರ್, ಗೇಮ್ ಕಂಪನಿ ಅಂದ್ರೆ ದಿನಾ ಆಟ ಆಡೋದೇ ಕೆಲಸಾನಾ?" ಅಲ್ಲ. ಬೇರೆಯವರು ಆಡುವುದನ್ನು ನೋಡಬೇಕು, ಅವರು ಬೈಯುವುದನ್ನು ಕೇಳಿಸಿಕೊಳ್ಳಬೇಕು, ಆ ಬೈಗುಳದಲ್ಲಿ ನಿಜ ಎಷ್ಟಿದೆ ಎಂದು ಸೋಸಬೇಕು. ನನ್ನ ಕೆಲಸ ಅಷ್ಟೇ ಇತ್ತು. ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದರಿಂದ ಯಾರಿಗೂ ಉಪಯೋಗವಿಲ್ಲ.

ನನ್ನ ಬಗ್ಗೆ ಒಂದು ಮಾತನ್ನು ಮಾತ್ರ ಸಂಕೋಚವಿಲ್ಲದೆ ಹೇಳಿಕೊಳ್ಳುತ್ತೇನೆ. ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗ. ಅಬ್ಬಾ, ಅಮ್ಮಿ ಇಬ್ಬರೂ ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಹೊಗೆ ಕುಡಿದು ನನ್ನನ್ನು ಬಿ.ಎಸ್ಸಿ. ಓದಿಸಿದರು. ಸಂಖ್ಯಾಶಾಸ್ತ್ರ ನನ್ನ ವಿಷಯ. ಪರೀಕ್ಷೆಯ ಹಿಂದಿನ ದಿನವೂ ಭಟ್ಟಿಗೆ ಹೊಟ್ಟು ಹೊತ್ತು ಹಾಕಿದ್ದೇನೆ. ಹಾಗಾಗಿ 'ರಸೂಲ್, ಬಿ.ಎಸ್ಸಿ.' ಎಂದು ಬರೆಯುವಾಗ ಆ ಬಿ.ಎಸ್ಸಿ.ಯನ್ನು ನಾನು ಯಾವತ್ತೂ ಬಿಟ್ಟವನಲ್ಲ. ಕಚೇರಿಯ ಹುಡುಗರು ಅದಕ್ಕೆ ನಕ್ಕಿದ್ದಾರೆ. ನಗಲಿ.

ಪದವಿಯ ನಂತರ ಬಹಳ ಕಾಲ ಟ್ಯೂಷನ್ ಹೇಳಿಕೊಂಡಿದ್ದೆ. ಆಗ ನನ್ನ ಹಳೆಯ ವಿದ್ಯಾರ್ಥಿ ವಿರೂಪಾಕ್ಷ ಪಿ.ಜೆ. ಬಡಾವಣೆಯಲ್ಲಿ ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನ ಮೇಲಿನ ಮಹಡಿಯನ್ನು ಬಾಡಿಗೆಗೆ ಹಿಡಿದು ಆಟದ ಕಂಪನಿ ಶುರುಮಾಡಿದ. ಆಟದ ಹೆಸರು 'ಏಳು ಗವಿ'. ಆಡುವವರು ಗುಂಪು ಕಟ್ಟಿಕೊಂಡು ಗವಿಗೆ ಇಳಿದು ರಾಕ್ಷಸರನ್ನು ಕೊಲ್ಲುತ್ತಾರೆ. ಸತ್ತ ರಾಕ್ಷಸನಿಂದ ಏನಾದರೊಂದು ಬೀಳುತ್ತದೆ. ಕತ್ತಿ ಬೀಳಬಹುದು, ಗುರಾಣಿ ಬೀಳಬಹುದು, ಅದಿರು ಬೀಳಬಹುದು, ಅದೃಷ್ಟ ಕೆಟ್ಟಿದ್ದರೆ ಹರಕು ಚಪ್ಪಲಿಯೂ ಬೀಳಬಹುದು. ಅದಕ್ಕೆ ನಮ್ಮ ಭಾಷೆಯಲ್ಲಿ ಲೂಟಿ. ಬಿದ್ದ ಅದಿರನ್ನು ಆಟದೊಳಗಿನ ಊರಿಗೆ ತಂದು ಕುಲುಮೆಯಲ್ಲಿ ಹೊಸ ಆಯುಧ ಮಾಡಿಕೊಳ್ಳಬಹುದು.

"ಮೇಷ್ಟ್ರೇ, ಯಾವ ರಾಕ್ಷಸ ಏನು ಬೀಳಿಸಬೇಕು, ಎಷ್ಟು ಸಲಕ್ಕೊಮ್ಮೆ ಬೀಳಿಸಬೇಕು, ನಮಗ್ಯಾರಿಗೂ ಲೆಕ್ಕ ಹತ್ತುತಾ ಇಲ್ಲ," ಎಂದ ವಿರೂಪಾಕ್ಷ. "ನಿಮ್ಮ ಪ್ರಾಬಬಿಲಿಟಿ ಪಾಠದಾಗ ನಾನು ನಿದ್ದೆ ಹೊಡೆದಿದ್ದೆ."

"ಗೊತ್ತಪ್ಪ. ನಿನ್ನ ಗೊರಕೆಗೆ ನಿನ್ನ ಪಕ್ಕದಾಗ ಕುಂತವನೂ ಫೇಲಾದ."

"ಅದಕ್ಕೇ ಈಗ ಬರ್ರಿ. ನನ್ನ ಪಾಪ ಕಳಕೊಳ್ಳಾಕೆ ಸಂಬಳ ಕೊಡ್ತೀನಿ."

ಮನೆಯಲ್ಲಿ ಅಮ್ಮಿ ಉರ್ದುವಿನಲ್ಲಿ ಕೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ. "ಅಲ್ಲಿ ನಿನಗೇನು ಕೆಲಸ?" "ರಾಕ್ಷಸರ ಜೇಬಿನಲ್ಲಿ ಏನಿರಬೇಕು ಅಂತ ಗೊತ್ತುಮಾಡೋದು." ಅಮ್ಮಿ, "ಅದಕ್ಕೆ ಬಿ.ಎಸ್ಸಿ. ಬೇಕಿತ್ತಾ?" ಎಂದಳು.

ಬೇಕಿತ್ತು. ಆದರೆ ಓದಿದ್ದು ಮೊದಲ ತಿಂಗಳಲ್ಲೇ ಕೈಕೊಟ್ಟಿತು. ಅಪರೂಪದ ಕತ್ತಿಯೊಂದನ್ನು ನೂರಕ್ಕೊಂದರ ಲೆಕ್ಕದಲ್ಲಿ ಇಟ್ಟಿದ್ದೆ. ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ನೂರು ಸಲ ಕೊಂದರೂ ಸಿಗದವರು ಇರುತ್ತಾರೆ, ಎರಡನೇ ಸಲಕ್ಕೇ ಸಿಕ್ಕವರೂ ಇರುತ್ತಾರೆ, ಇಬ್ಬರೂ ಒಂದೇ ಹಾಸ್ಟೆಲಿನಲ್ಲಿ ಇರುತ್ತಾರೆ. ಒಬ್ಬ ಫೋನು ಮಾಡಿ, "ಏನ್ರೀ, ನಿಮ್ಮ ರಾಕ್ಷಸನೂ ಮುಖ ನೋಡಿ ಮಣೆ ಹಾಕ್ತಾನಾ?" ಎಂದು ಜಗಳಕ್ಕೆ ನಿಂತ. ನಾನು ಅವನಿಗೆ ಸಂಭವನೀಯತೆಯ ಪಾಠ ಶುರುಮಾಡಿದೆ. ಅವನು ಫೋನು ಇಟ್ಟ. ಆಮೇಲೆ ನಿಯಮ ಬದಲಿಸಿದೆವು. ಪ್ರತಿ ಸಲ ಸಿಗದೆ ಹೋದಾಗಲೂ ಮುಂದಿನ ಸಲ ಸಿಗುವ ಸಾಧ್ಯತೆ ಒಂದಿಷ್ಟು ಹೆಚ್ಚುತ್ತದೆ. ಇದನ್ನು ನಾವು ಕರುಣೆ ಎಂದು ಕರೆಯುತ್ತಿದ್ದೆವು. ಪುಸ್ತಕದ ನ್ಯಾಯವನ್ನು ಬಿಟ್ಟು ಜನರಿಗೆ ನ್ಯಾಯ ಅನ್ನಿಸುವ ನ್ಯಾಯಕ್ಕೆ ಬಂದದ್ದು ಆಗಲೇ.

ಎರಡನೆಯ ಬದಲಾವಣೆ ಜಗಳದಿಂದಲೇ ಬಂತು. ಮೊದಮೊದಲು ಲೂಟಿ ನೆಲದ ಮೇಲೆ ಬೀಳುತ್ತಿತ್ತು, ಮೊದಲು ಕೈ ಹಾಕಿದವರಿಗೆ ಸೇರುತ್ತಿತ್ತು. ಒಂದೇ ಬೆಂಚಿನ ಗೆಳೆಯರು ಒಂದು ಕಿರೀಟಕ್ಕಾಗಿ ಮಾತು ಬಿಟ್ಟದ್ದುಂಟು. ಕೊನೆಗೆ, ಒಬ್ಬೊಬ್ಬರಿಗೆ ಅವರವರ ಪಾಲು ಮಾತ್ರ ಕಾಣುವಂತೆ ಮಾಡಿದೆವು. ಜಗಳ ನಿಂತಿತು. ಅದರ ಜೊತೆಗೆ, "ಏ, ಇದು ನಿನಗೆ ಬೇಕಾಗ್ತತೆ, ತಗಳಪ್ಪಾ," ಎಂಬ ಮಾತೂ ನಿಂತಿತು. ಅದು ನಿಂತದ್ದು ನಮಗೆ ಬಹಳ ದಿನ ಗೊತ್ತಾಗಲಿಲ್ಲ. ಜಗಳವಾದರೆ ದೂರು ಬರುತ್ತದೆ. ಮಾತು ನಿಂತರೆ ಯಾರೂ ದೂರು ಕೊಡುವುದಿಲ್ಲ.

ಇನ್ನು ಕುಲುಮೆಯ ಮಾತು. ಅದು ನನ್ನ ಕೈಕೂಸು. ಅಬ್ಬಾ ಭಟ್ಟಿಯ ಬಾಣಲೆಯಲ್ಲಿ ಮರಳು ಕಾದಿದೆಯೇ ಎಂದು ನೋಡಲು ಒಂದು ಹಿಡಿ ಅಕ್ಕಿ ಎಸೆಯುತ್ತಿದ್ದರು. ಅದು ಅರಳುವ ಸದ್ದು ಕೇಳಿಯೇ ಉಳಿದದ್ದನ್ನು ಸುರಿಯುತ್ತಿದ್ದರು. ನಮ್ಮ ಕುಲುಮೆಯನ್ನೂ ಹಾಗೇ ಕಟ್ಟಿದೆ. ಶಾಖ ತೋರಿಸುವ ಮುಳ್ಳಿಲ್ಲ, ಅಂಕಿಯಿಲ್ಲ. ಮೊದಲು ಚಿಟಿಕೆ ಅದಿರು ಎಸೆಯಬೇಕು, ಬೆಂಕಿಯ ಬಣ್ಣ ನೋಡಬೇಕು, ಸದ್ದು ಕೇಳಬೇಕು, ಆಮೇಲೆ ಕಬ್ಬಿಣ ಇಳಿಸಬೇಕು, ಸಮಯಕ್ಕೆ ಸರಿಯಾಗಿ ಎಳೆಯಬೇಕು. ತಪ್ಪಿದರೆ ಕಬ್ಬಿಣ ಸುಟ್ಟು ಕಿಟ್ಟವಾಗುತ್ತದೆ. ಒಂದು ದಿನದ ಲೂಟಿ ಪೂರ್ತಿ ಹೋಗುತ್ತದೆ.

ಸದ್ದಿಗಾಗಿ ನಮ್ಮ ಭಟ್ಟಿಗೇ ಹೋಗಿ ಧ್ವನಿ ಹಿಡಿದುಕೊಂಡು ಬಂದೆವು. ಅಲ್ಲೊಂದು ಎಡವಟ್ಟಾಯಿತು. ಭಟ್ಟಿಯಲ್ಲಿ ನಮ್ಮ ಅಕ್ಕ ಮುಮ್ತಾಜ್ ಪಕ್ಕದವನಿಗೆ, "ಏ, ಉಪ್ಪು ಹಾಕಿದ್ಯೇನೋ?" ಎಂದು ಕೂಗಿದ್ದು ಧ್ವನಿಯೊಳಗೆ ಸೇರಿಹೋಗಿತ್ತು. ಮಂಡಕ್ಕಿ ಹುರಿಯುವ ಮುಂಚೆ ಅಕ್ಕಿಗೆ ಉಪ್ಪು ಹಿಡಿಸಬೇಕಲ್ಲ, ಅದರ ವಿಚಾರ. ಭಟ್ಟಿಯ ಗದ್ದಲದಲ್ಲಿ ಬೆಳೆದ ನನ್ನ ಕಿವಿಗೆ ಅದು ಮಾತೆಂದೇ ಅನ್ನಿಸಲಿಲ್ಲ. ಆಟ ಜನರ ಕೈ ಸೇರಿದ ಮೇಲೆ, ಕುಲುಮೆಯ ಬೆಂಕಿಯೊಳಗಿಂದ ಒಬ್ಬ ಹೆಂಗಸು ಉಪ್ಪು ಕೇಳುತ್ತಾಳೆ ಎಂದು ಸುದ್ದಿಯಾಯಿತು. ಅವಳು ಬೆಂಕಿಯಲ್ಲಿ ಸತ್ತ ರಾಣಿ ಎಂದರು ಕೆಲವರು. ಆಟದಲ್ಲಿ ಅಡುಗೆಗೆಂದು ಇಟ್ಟಿದ್ದ ಉಪ್ಪನ್ನು ಜನ ಕುಲುಮೆಗೆ ಎಸೆಯತೊಡಗಿದರು. ಅದರಿಂದ ಏನೂ ಆಗುತ್ತಿರಲಿಲ್ಲ. ಆದರೆ ಆಗುತ್ತದೆ ಎಂದು ಎಲ್ಲರೂ ಆಣೆ ಮಾಡಿ ಹೇಳುತ್ತಿದ್ದರು.

ಒಬ್ಬರು ಮಾತ್ರ ಬೇರೆ ರೀತಿ ಹೇಳಿದರು. ಫೋನು ಬಂತು.

"ನಾನು ಹರಿಹರದಿಂದ ರುದ್ರೇಶ್ ಮಾತಾಡೋದು. ಉಪ್ಪಿನ ಕಥೆ ಪೂರಾ ಸುಳ್ಳು ಐತೆ ನೋಡ್ರಿ. ಉಪ್ಪು ಹಾಕಿದ್ರೂ ಬೆಂಕಿ ಸದ್ದು ಒಂದೇ, ಹಾಕದಿದ್ರೂ ಒಂದೇ. ಸುಮ್ನೆ ಜನರನ್ನ ಯಾಕ ಮಂಗ ಮಾಡ್ತೀರಿ?"

"ಬಣ್ಣ ಏನಾದರೂ ಬದಲಾಗುತ್ತಾ?" ಎಂದು ಕೇಳಿದೆ, ಅವರ ಬಾಯಿಂದಲೇ ತಿಳಿಯೋಣ ಎಂದು.

"ಬಣ್ಣದ್ದು ನನಗೇನು ಗೊತ್ರೀ? ನನಗೆ ಕಣ್ಣಿಲ್ಲ."

ವಿರೂಪಾಕ್ಷನಿಗೆ ಹೇಳಿದೆ. ಅವನು ಉಪ್ಪಿನ ಸುದ್ದಿ, ಹರಿಹರದ ದೂರು ಎರಡನ್ನೂ ಕೇಳಿಸಿಕೊಂಡು, "ಜನ ನಂಬ್ಯಾರೆ ಅಂದಮ್ಯಾಲೆ ನಿಜಾನೇ ಮಾಡಿಬಿಡ್ರಿ. ಉಪ್ಪು ಹಾಕಿದ್ರೆ ಕಬ್ಬಿಣ ಒಂಚೂರು ಹೆಚ್ಚು ಹೊತ್ತು ತಾಳಲಿ. ಆದ್ರೆ ಸದ್ದೂ ಬದಲಾಗ್ಬೇಕು. ಇಲ್ಲಾಂದ್ರೆ ಹರಿಹರದವರು ಮತ್ತೆ ಫೋನ್ ಮಾಡ್ತಾರೆ," ಎಂದ. ಮೇಲಧಿಕಾರಿ ಎಂದರೆ ಹೀಗಿರಬೇಕು ಎಂದು ನನಗೆ ಅನ್ನಿಸಿದ ದಿನ ಅದು. ನನ್ನ ವಿದ್ಯಾರ್ಥಿಯಾಗಿದ್ದಾಗ ಅಷ್ಟು ಬುದ್ಧಿ ಇದ್ದಂತೆ ಕಾಣಲಿಲ್ಲ.

ಕುತೂಹಲ ತಡೆಯದೆ ಹರಿಹರಕ್ಕೆ ಹೋದೆ. ರುದ್ರೇಶ್ ಲೇತ್ ವರ್ಕ್‌ಶಾಪಿನಲ್ಲಿ ಟರ್ನರ್ ಆಗಿದ್ದವರು. ಕಣ್ಣಿನ ನರ ಸೊರಗುತ್ತ ಬಂದು ಕೆಲಸ ಬಿಟ್ಟಿದ್ದರು. ಬೆಳಕು ಕತ್ತಲೆಯ ವ್ಯತ್ಯಾಸ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಅವರ ಹೆಂಡತಿ ಶಾಂತಮ್ಮ ಚಹಾ ಕೊಡುತ್ತ, "ಕೂಡ್ರಿ ಮೇಷ್ಟ್ರೇ. ಮನ್ಯಾಗೆ ಕರೆಂಟ್ ಹೋದ್ರೆ ನಾವು ದೀಪ ಹುಡುಕ್ತೀವಿ, ಇವರು ಕುಲುಮೆ ಆರಿತು ಅಂತ ಬಡ್ಕೋತಾರೆ," ಎಂದರು.

ಅವರ ಗುಂಪಿನಲ್ಲಿ ನಾಲ್ಕು ಜನ. ಕುಕ್ಕುವಾಡದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ ಮಂಜ ಎಂಬ ಹುಡುಗ, ಲೋಕಿಕೆರೆಯವನೊಬ್ಬ ಸೇರಿ ಅವನ ಇಬ್ಬರು ಗೆಳೆಯರು ಗವಿಗೆ ಇಳಿದು ಕಾದಾಡುತ್ತಿದ್ದರು. ರುದ್ರೇಶ್ ಗವಿಗೆ ಹೋಗುತ್ತಿರಲಿಲ್ಲ. ಆಟದೊಳಗಿನ ಊರಿನಲ್ಲಿ ಕುಲುಮೆಯ ಹತ್ತಿರ ಇರುತ್ತಿದ್ದರು. ಮೂವರೂ ತಮ್ಮ ತಮ್ಮ ಪಾಲಿನ ಅದಿರನ್ನು ತಂದು ಅವರ ಮುಂದೆ ಸುರಿಯುತ್ತಿದ್ದರು. ಯಾರಿಗೆ ಏನು ಮಾಡಿಕೊಡಬೇಕು ಎಂಬುದು ಅವರ ತೀರ್ಮಾನ.

ಆ ದಿನ ನಾನು ಪಕ್ಕದಲ್ಲೇ ಕೂತು ಕೇಳಿದೆ. ಸ್ಪೀಕರಿನಲ್ಲಿ ಮಂಜನ ದನಿ: "ಅಣ್ಣಾ, ಲಗೂ ಮಾಡು, ನಾಲ್ಕನೇ ಗವಿ ಬಾಗ್ಲು ಮುಚ್ತತೆ."

"ಸುಮ್ನಿರಲೇ. ಬೆಂಕಿ ಮಾತಾಡಾಗ ನೀ ಮಾತಾಡ್ಬ್ಯಾಡ."

"ಗುರಾಣಿ ನನಗೇ ತಾನೇ?"

"ನಿನಗಲ್ಲ. ಮೊನ್ನೆ ಎದುರು ಮಾತಾಡಿದ್ದು ಮರ್ತೀಯೇನು? ಇದು ಆ ಲೋಕಿಕೆರೆಯವನಿಗೆ. ನೀನು ಹಳೇದ್ರಾಗೇ ಸಾಯಿ ಒಂದೆರಡು ದಿನ."

ಉಳಿದಿಬ್ಬರು ಬಿದ್ದು ಬಿದ್ದು ನಕ್ಕರು. ಮಂಜ ಬೈದುಕೊಂಡ. ರುದ್ರೇಶ್ ಮುಖ ಓರೆ ಮಾಡಿ, ಒಂದು ಕಿವಿಯನ್ನು ಸ್ಪೀಕರಿಗೆ ಕೊಟ್ಟು, ಬೆರಳನ್ನು ಕೀಲಿಯ ಮೇಲೆ ಇಟ್ಟುಕೊಂಡು ಕಾದರು. ಎಳೆದರು. ಗುರಾಣಿ ಒಳ್ಳೆಯದೇ ಬಂತು. ಕೆಲಸ ಬಿಟ್ಟ ಮೇಲೆ ತನ್ನ ಮಾತಿಗೆ ಯಾರಾದರೂ ಕಾಯುವ ಜಾಗ ಇದೊಂದೇ ಎಂದು ಅವರು ಹೇಳಲಿಲ್ಲ. ಅದನ್ನು ಆಮೇಲೆ ಬಾಗಿಲವರೆಗೆ ಬಂದು ಹೇಳಿದ್ದು ಶಾಂತಮ್ಮ. "ಮನೀಗೆ ಯಾರೂ ಬರಂಗಿಲ್ಲ ಈಗ. ಆ ಹುಡುಗ್ರು ಬೈಕೊಂಡಾದ್ರೂ ದಿನಾ ಬರ್ತಾರೆ."

ಹೀಗೇ ನಡೆಯಿತು ಕೆಲವು ವರ್ಷ. ಆಮೇಲೆ ವಿರೂಪಾಕ್ಷ ಕಂಪನಿಯನ್ನು ಹೊರಗಿನ ದೊಡ್ಡ ಸಂಸ್ಥೆಯೊಂದಕ್ಕೆ ಮಾರಿದ. ಅವನ ಕಷ್ಟ ಅವನಿಗೆ. ಹೊಸ ಮೇಲಧಿಕಾರಿಯಾಗಿ ಅನಘಾ ಬಂದರು. ನನಗಿಂತ ಬಹಳ ಚಿಕ್ಕವರು. ಅವರ ಬಗ್ಗೆ ಕೆಟ್ಟದಾಗಿ ಬರೆಯಲು ನನ್ನಲ್ಲಿ ಏನೂ ಇಲ್ಲ, ಬರೆದರೆ ಸುಳ್ಳಾಗುತ್ತದೆ. ಹೊಸದಾಗಿ ಆಟಕ್ಕೆ ಬಂದವರು ಎಲ್ಲಿ ಆಟ ಬಿಟ್ಟು ಹೋಗುತ್ತಾರೆ ಎಂದು ಅವರು ಮೊದಲ ವಾರವೇ ಹುಡುಕಿಸಿದರು. ಕುಲುಮೆಯ ಹತ್ತಿರ. ಕಷ್ಟಪಟ್ಟು ತಂದ ಮೊದಲ ಅದಿರು ಕಿಟ್ಟವಾದ ಕೂಡಲೇ ಎದ್ದು ಹೋದವರು ತಿರುಗಿ ಬರುತ್ತಿರಲಿಲ್ಲ.

"ಮೇಷ್ಟ್ರೇ, ನೀವು ಭಟ್ಟೀಲಿ ಬೆಳೆದವರು, ನಿಮಗೆ ಬರತ್ತೆ," ಎಂದರು ಅನಘಾ. "ಸಂಜೆ ಕೆಲಸ ಮುಗಿಸಿ ಬಂದು ಅರ್ಧ ಗಂಟೆ ಆಡೋ ಹುಡುಗಿಗೆ ಎಲ್ಲಿಂದ ಬರಬೇಕು? ಅವಳ ಅರ್ಧ ಗಂಟೆ ಸುಟ್ಟುಹೋಯ್ತಲ್ಲ?"

ಮೊದಲು ಶೇಕಡಾ ತೋರಿಸುವ ಪಟ್ಟಿ ಇಟ್ಟೆವು. ಎಂಬತ್ತು ಎಂದು ತೋರಿಸಿ ಸುಟ್ಟುಹೋದರೆ ಜನ ಮೊದಲಿಗಿಂತ ಹೆಚ್ಚು ಬೈದರು. ನೂರಕ್ಕೆ ಎಂಬತ್ತು ಎಂದರೆ ನೂರಕ್ಕೆ ನೂರು ಎಂದೇ ಜನ ಓದುವುದು. ಇದನ್ನು ಯಾವ ಬಿ.ಎಸ್ಸಿ.ಯಲ್ಲೂ ಹೇಳಿಕೊಡುವುದಿಲ್ಲ. ಕೊನೆಗೆ ಅನಘಾ ಅವರ ಯೋಜನೆ ಬಂತು. ಒಂದೇ ಗುಂಡಿ. ಒತ್ತಿದರೆ ಕತ್ತಿ. ಸುಡುವ ಮಾತೇ ಇಲ್ಲ.

ನಾನು ರುದ್ರೇಶ್ ಅವರ ವಿಷಯವನ್ನು ಸಭೆಯಲ್ಲಿ ಹೇಳಿದೆ. ಅನಘಾ ಗಮನವಿಟ್ಟು ಕೇಳಿದರು. ಅವರ ಮುಖ ಅರಳಿತು. "ಅಂಥವರಿಗೆ ಇದು ಎಷ್ಟು ಒಳ್ಳೇದು ನೋಡಿ! ಬಣ್ಣ ನೋಡೋ ಹಾಗಿಲ್ಲ, ಕಾಯೋ ಹಾಗಿಲ್ಲ. ಕಣ್ಣು ಕಾಣದೇ ಇರೋರೂ ಸುಲಭವಾಗಿ ಮಾಡ್ಕೋಬಹುದು." ಮನಸ್ಸಿನಿಂದ ಹೇಳಿದ ಮಾತು ಅದು. ಎದುರಾಡಲು ನನ್ನಲ್ಲಿ ಪದಗಳಿದ್ದವು, ಆದರೆ ಅವನ್ನು ಜೋಡಿಸಿದರೆ ಒಬ್ಬರಿಗೋಸ್ಕರ ಸಾವಿರ ಜನ ಸುಟ್ಟುಕೊಳ್ಳಲಿ ಎಂದಾಗುತ್ತಿತ್ತು.

ಆದರೂ ಬಿಡಲಿಲ್ಲ. ಹದಿನೈದು ದಿನ ಹಿಂದೆ ಬಿದ್ದೆ. ಅನಘಾ ಒಪ್ಪಿದರು: ಗುಂಡಿಯ ಜೊತೆಗೆ ಹಳೆಯ ಕುಲುಮೆಯೂ ಇರಲಿ, ಸದ್ದು ಒಂದಿಷ್ಟೂ ಬದಲಾಗುವುದು ಬೇಡ, ಬೇಕಾದವರು ಕೈಯಲ್ಲೇ ಮಾಡಿಕೊಳ್ಳಲಿ. ಗೆದ್ದೆ ಎಂದುಕೊಂಡು ಭಾನುವಾರ ಹರಿಹರದ ಬಸ್ಸು ಹತ್ತಿದೆ.

ರುದ್ರೇಶ್ ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು. "ಗುಂಡಿ ಒತ್ತಿದ್ರೆ ಬರೋ ಕತ್ತಿ, ನಾನು ಮಾಡಿದ ಕತ್ತಿ, ಎರಡೂ ಒಂದೇನಾ?"

"ಒಂದೇ."

"ಹಂಗಾದ್ರೆ ಮಂಜ ನನ್ನ ಹತ್ರ ಯಾಕ ಬರ್ತಾನ್ರೀ?"

"ನಿಮ್ಮ ಮೇಲಿನ ಪ್ರೀತಿಗೆ ಬರ್ತಾನೆ."

"ಪ್ರೀತಿಗೆ ಬರೋನಾಗಿದ್ರೆ ಗುರಾಣಿ ಕೊಡದಾಗ ಅಷ್ಟು ಬೈತಿರಲಿಲ್ಲ ಬಿಡ್ರಿ." ನಕ್ಕರು. ಆಮೇಲೆ ನಗು ನಿಲ್ಲಿಸಿ, "ಕೈಲಿ ಮಾಡಿದ್ದನ್ನ ಒಂದು ಕೂದಲೆಳೆ ಮೇಲಿಡ್ರಿ ಮೇಷ್ಟ್ರೇ. ಒಂದೇ ಕೂದಲೆಳೆ. ನಿಮ್ಮ ಕೈಲಿ ಆಗ್ತತೆ," ಎಂದರು.

ಆಗಲಿಲ್ಲ. ಅನಘಾ ಒಪ್ಪಲಿಲ್ಲ ಎಂದು ಬರೆದರೆ ಸುಲಭ. ನಿಜವೆಂದರೆ, ಅವರ ಮುಂದೆ ಕೂತು ಕೇಳುವಾಗಲೇ ಅವರು ಹೇಳುವ ಉತ್ತರ ನನಗೆ ಗೊತ್ತಿತ್ತು. ಕೂದಲೆಳೆಯಷ್ಟು ಮೇಲಿಟ್ಟರೂ ಎಲ್ಲರಿಗೂ ಅದೇ ಬೇಕಾಗುತ್ತದೆ. ಬರದವರೂ ಕುಲುಮೆಯ ಮುಂದೆ ನಿಲ್ಲುತ್ತಾರೆ, ಸುಟ್ಟುಕೊಳ್ಳುತ್ತಾರೆ, ಎದ್ದು ಹೋಗುತ್ತಾರೆ. ಗುಂಡಿ ಇದ್ದೂ ಇಲ್ಲದ ಹಾಗಾಗುತ್ತದೆ. ನಾನು ಕಲಿತ ವಿದ್ಯೆಯೇ ಅವರ ಪಕ್ಷದಲ್ಲಿತ್ತು. ಸುಳ್ಳು ಲೆಕ್ಕ ತೋರಿಸಲು ನನಗೆ ಬರುವುದಿಲ್ಲ. ಬಂದಿದ್ದರೆ ತೋರಿಸುತ್ತಿದ್ದೆನೋ ಏನೋ.

ಹೊಸ ಆವೃತ್ತಿ ಹೊರಬಂತು. ಆಟಕ್ಕೆ ಬಂದ ಹೊಸಬರು ಉಳಿದುಕೊಂಡರು. ಕಚೇರಿಯಲ್ಲಿ ಕೇಕ್ ಕತ್ತರಿಸಿದರು, ನನಗೂ ಒಂದು ತುಂಡು ಬಂತು. ಕೆಲವು ದಿನ ಬಿಟ್ಟು ಹರಿಹರಕ್ಕೆ ಹೋದಾಗ ರುದ್ರೇಶ್ ಸ್ಪೀಕರಿನ ಮುಂದೆ ಕೂತಿದ್ದರು.

"ಮಂಜಾ, ಅದಿರು ತಂದ್ರೇನೋ?"

"ತಂದ್ವಿ ಅಣ್ಣಾ. ಅಲ್ಲೇ ಒತ್ತಿ ಮಾಡ್ಕೊಂಡ್ವಿ. ನಿನಗ್ಯಾಕ ತ್ರಾಸು? ಆರಾಮ ಕೂಡು ನೀನು."

"ಗುರಾಣಿ ಯಾರು ತಗೊಂಡ್ರಿ?"

"ಎಲ್ಲರಿಗೂ ಒಂದೊಂದು ಆತಣ್ಣಾ!" ಮಂಜನ ದನಿಯಲ್ಲಿ ನಿಜವಾದ ಸಂತೋಷವಿತ್ತು. ಅವನದೇನು ತಪ್ಪು? ಅಷ್ಟು ವರ್ಷ ಬೈಸಿಕೊಂಡು, ಕಾದು, ಬೇಡಿ ಪಡೆದದ್ದು ಈಗ ತಾನಾಗಿ ಸಿಕ್ಕಿತ್ತು. ಮೂವರೂ ಗವಿಗೆ ಇಳಿದರು. ಅಲ್ಲಿಂದ ಕೂಗಾಟ ಕೇಳುತ್ತಿತ್ತು. ರುದ್ರೇಶ್ ನನ್ನ ಕಡೆ ತಿರುಗಿ, "ಸದ್ದು ಮಾತ್ರ ಹಂಗೇ ಉಳಿಸೀರಿ, ಚಲೋ ಆತು. ಕುಲುಮೆ ಹತ್ರ ಕೇಳ್ತಾ ನಿಂತ್ಕೋತೀನಿ," ಎಂದರು. ಶಾಂತಮ್ಮ ಆ ದಿನ ಬಾಗಿಲವರೆಗೆ ಬರಲಿಲ್ಲ.

ಹೊಸದಾಗಿ ಈ ಕೆಲಸಕ್ಕೆ ಬರುವವರೇ, ನಿಮಗೆ ಉಪದೇಶ ಹೇಳಲು ಇದನ್ನು ಬರೆಯುತ್ತಿಲ್ಲ. ಏನು ಮಾಡಬೇಕಿತ್ತು ಎಂದು ಗೊತ್ತಿದ್ದರೆ ಆಗಲೇ ಮಾಡುತ್ತಿದ್ದೆ. ಒಂದು ಕಷ್ಟವನ್ನು ತೆಗೆಯುವಾಗ, ಅದನ್ನೇ ಹಿಡಿದುಕೊಂಡು ಯಾರಾದರೂ ನಿಂತಿದ್ದಾರೆಯೇ ಎಂದು ನೋಡಬೇಕು ಎನ್ನುತ್ತಾರೆ. ನಾನು ನೋಡಿದ್ದೆ. ಅವರ ಮನೆಯ ಚಹಾ ಕುಡಿದಿದ್ದೆ. ಆದರೂ ತೆಗೆಯಬೇಕಾಯಿತು.

ನಿವೃತ್ತಿಗೆ ಕೆಲವು ತಿಂಗಳು ಉಳಿದಿದ್ದಾಗ, ನನ್ನ ಜಾಗಕ್ಕೆ ತಯಾರಾಗುತ್ತಿದ್ದ ನಯನಾ ಎಂಬ ಹುಡುಗಿ ತನ್ನ ಪರದೆಯನ್ನು ನನ್ನ ಕಡೆ ತಿರುಗಿಸಿದಳು.

"ಸರ್, ಒಂದೇ ದೂರು ಸುಮಾರು ಜನ ಕಳಿಸಿದಾರೆ. ಕುಲುಮೆ ಪಕ್ಕ ಒಬ್ಬ ನಿಂತಿರ್ತಾನಂತೆ. ಅವನನ್ನ ಒತ್ತಿದ್ರೆ ಅಂಗಡೀನೂ ತೆರೆಯಲ್ಲ, ಮಾತೂ ಆಡಲ್ಲ. ನಮ್ಮ ಹಳೇ ಪಾತ್ರ ಯಾವುದೋ ಉಳ್ಕೊಂಡಿರಬೇಕು. ತೆಗೆದುಬಿಡ್ಲಾ?"

ನೋಡಿದೆ. ಚರ್ಮದ ಏಪ್ರನ್ ಕಟ್ಟಿ, ಬೆಂಕಿಯ ಕಡೆಗೆ ಮುಖ ಮಾಡಿ ನಿಂತಿದ್ದ ಆಳು. ಊರಿನೊಳಗೆ ಯಾರ ತಲೆಯ ಮೇಲೂ ಹೆಸರು ಕಾಣದಂತೆ ಹೊಸ ಆವೃತ್ತಿಯಲ್ಲಿ ಮಾಡಿದ್ದೆವು. ಹೊಸಬರು ಬಂದು ಗುಂಡಿ ಒತ್ತಿ ಕತ್ತಿ ತೆಗೆದುಕೊಳ್ಳುತ್ತಿದ್ದರು, ಹೋಗುವ ಮುಂಚೆ ಅವನನ್ನೂ ಒಮ್ಮೆ ಒತ್ತಿ ನೋಡುತ್ತಿದ್ದರು. ಒಬ್ಬ ಅವನ ಸುತ್ತ ಎರಡು ಸುತ್ತು ಕುಣಿದು ಹೋದ. ಒತ್ತಿದ್ದಕ್ಕೆ ಸದ್ದಿರಲಿಲ್ಲ, ಕುಣಿದದ್ದಕ್ಕೂ ಸದ್ದಿರಲಿಲ್ಲ. ಅಲ್ಲಿ ನಿಂತವರಿಗೆ ಯಾರು ಬಂದರು, ಯಾರು ಹೋದರು ಎಂದು ತಿಳಿಯುವ ದಾರಿಯೇ ಇರಲಿಲ್ಲ.

"ತೆಗೀಬ್ಯಾಡಮ್ಮ. ಅದು ನಾವು ಮಾಡಿದ ಪಾತ್ರ ಅಲ್ಲ. ಅವರು ಹರಿಹರದವರು."

ನಯನಾ ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡು, 'ಇದು ದೋಷವಲ್ಲ, ಅವರೂ ಒಬ್ಬ ಆಟಗಾರರು' ಎಂದು ದೂರು ಕೊಟ್ಟ ಎಲ್ಲರಿಗೂ ಉತ್ತರ ಕಳಿಸಿದಳು. ಮರುದಿನ ಅವರಲ್ಲೊಬ್ಬರಿಂದ ಮರುಪ್ರಶ್ನೆ ಬಂತು: 'ಆಟಗಾರರಾದರೆ ಯಾಕೆ ಆಡುತ್ತಿಲ್ಲ?'

ಇದಕ್ಕೆ ನೀವೇ ಬರೀರಿ ಸರ್ ಎಂದು ನಯನಾ ಅದನ್ನು ನನ್ನ ಪಾಲಿಗೆ ಹಾಕಿದಳು. ಎರಡು ಸಲ ಬರೆದು ಅಳಿಸಿದೆ. ನಾನು ಕೆಲಸ ಬಿಡುವ ದಿನ, ನನ್ನ ಹೆಸರಿನಲ್ಲಿ ಉತ್ತರ ಕೊಡದೆ ಉಳಿದಿದ್ದ ಪ್ರಶ್ನೆ ಅದೊಂದೇ.